ಅಪ್‌ಡೇಟ್ ಆದ ಎಮ್ಮೆ

ಮಾರೆಮ್ಮನ ಎಮ್ಮೆ ಬೂದೆಪ್ಪನ ಅಂಗಳ ಸೇರಿದೆ ಎಂಬ ಸುದ್ದಿ ಬಂದಾಗ, ಆ ಎಮ್ಮೆ ಮಾರೆಮ್ಮನ ಕಣ್ಣೆದುರಿಗೇ, ಮಸರಕಲ್ ಊರಿನ ಇಕ್ಕಟ್ಟು ಓಣಿಗೆ ಅಡ್ಡಲಾಗಿ ಮಲಗಿ ಮೆಲುಕು ಹಾಕುತ್ತಿತ್ತು. ಸುದ್ದಿ ತಂದವನು ಎದುರುಮನೆಯ ಸಾಕ್ಷಾತ್ ಬೂದೆಪ್ಪನೇ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಖಾಲಿ ತಂಬಿಗೆ. ಬಚ್ಚಲ ನೀರಿನ ಜಗಳವಾದಂದಿನಿಂದ ಇಬ್ಬರಿಗೂ ಮಾತಿಲ್ಲ. ಹಾಗಾಗಿ ಅವನು ಮಾರೆಮ್ಮನ ಕಟ್ಟೆಯ ಪಕ್ಕದ ಬೇವಿನ ಮರಕ್ಕೆ ಹೇಳಿದ.

“ಎಮ್ಮಿ ಈಗ ನನ್ನ ಅಂಗಳದಾಗ ಕಟ್ಟೇದ. ಲೋಕೆಲ್ಲ ನೋಡಾಕತ್ತಾದ. ಅಂದಮ್ಯಾಲ ಹಾಲು ಯಾರಿಗೆ ಸಲ್ಲಬೇಕು? ಯಾರರ ಕೇಳ್ರಿ ಆಕಿನ್ನ.”

ಮಾರೆಮ್ಮನಿಗೆ ಮೈಯೆಲ್ಲ ಉರಿಯಿತು. ಹಾಲಿನ ಮಾತು ಹಾಳಾಗಲಿ, ತನ್ನ ಎಮ್ಮೆ ಹೋಗಿ ಹೋಗಿ ಆ ಮನುಷ್ಯನ ಅಂಗಳದಲ್ಲಿ ನಿಂತಿದೆ ಎಂದು ಊರು ಆಡಿಕೊಂಡರೆ ಮುಖ ಎಲ್ಲಿಡುವುದು? ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಣ್ಣನ ಮಗ ಅಮೋಘಸಿದ್ದನನ್ನು ರಟ್ಟೆ ಹಿಡಿದು ಎಳೆತಂದಳು. ಈ ಅನಾಹುತದ ಮೂಲಪುರುಷ ಅವನೇ. ತಮ್ಮ ಓಣಿಯನ್ನು ಬೇವಿನ ಮರ, ಬಚ್ಚಲು, ಎಮ್ಮೆ ಸಮೇತ ಇದ್ದಂತೆಯೇ ಇಳಿಸಿ, ಮೊಬೈಲಿನಲ್ಲಿ ಗುಂಡು ಹಾರಿಸುವ ಆಟಕ್ಕೊಂದು ಮ್ಯಾಪು ಮಾಡಿ ಹಂಚಿಬಿಟ್ಟಿದ್ದ. ಯಾವ್ಯಾವ ದೇಶದವರೋ ಈಗ ಅಲ್ಲಿ ಬಂದೂಕು ಹಿಡಿದು ಓಡಾಡುತ್ತಿದ್ದರು.

“ಅತ್ತಿ, ನಾ ಅಲ್ಲ. ಮಾನ್ವಿದಾಗ ಜಿಲಾನಿ ಪಾಷಾ ಅಂತ ಒಬ್ಬ ಅದಾನ, ಅವ ನನ್ನ ಮ್ಯಾಪು ಅಪ್‌ಡೇಟ್ ಮಾಡ್ಯಾನ. ಆಡೋರು ಎಮ್ಮಿ ಕೊಂಬಿನ್ಯಾಗ ಸಿಕ್ಕಂಡು ಸಾಯಾಕತ್ತಾರಂತ. ಅದಕ್ಕ ಎಬ್ಬಿಸಿ ಬೂದೆಪ್ಪ ಕಾಕಾನ ಅಂಗಳದಾಗ ಕಟ್ಟ್ಯಾನ.” ಅಮೋಘಸಿದ್ದ ಮೊಬೈಲು ತೆಗೆದು ಅತ್ತೆಯ ಮುಖದೆದುರು ಹಿಡಿದ. “ಮ್ಯಾಪು ಮಾಡೋರದು ಮೊಬೈಲಿನ್ಯಾಗ ಒಂದು ಗುಂಪು ಅದ ಅತ್ತಿ, ಅದರಾಗ ಒಂದು ರಿವಾಜ್ ಅದ. ಮತ್ತೊಬ್ಬರ ಮ್ಯಾಪಿಗಿ ಕೈ ಹಚ್ಚೂಕಿಂತ ಮೊದಲ ಮಾಡಿದವನ್ನ ಕೇಳಬೇಕು.”

“ಹೌದೇನಲೇ? ನನ್ನ ಎಮ್ಮಿ ಅದರಾಗ ಹಾಕುವಾಗ ನೀ ಯಾರನ್ನ ಕೇಳಿದ್ದಿ?”

ಅಮೋಘಸಿದ್ದ ಬೇವಿನ ಮರ ನೋಡತೊಡಗಿದ. ಆ ಮರವೊಂದು ಇಲ್ಲದಿದ್ದರೆ ಈ ಓಣಿಯವರ ಗತಿ ಏನಾಗುತ್ತಿತ್ತೋ!

“ಕರಸು ಅವನ್ನ” ಎಂದಳು ಮಾರೆಮ್ಮ.

ಜಿಲಾನಿ ಪಾಷಾ ಮರ್ಯಾದಸ್ಥ. ಮರುದಿನವೇ ಮಿಠಾಯಿ ಡಬ್ಬಿ ಹಿಡಿದು ಬೈಕಿನಲ್ಲಿ ಬಂದ. ಊರಿಗೆ ಮೊದಲ ಸಲ ಕಾಲಿಟ್ಟವನು ಯಾರನ್ನೂ ದಾರಿ ಕೇಳಲಿಲ್ಲ. ಓಣಿಯ ತಿರುವಿನಲ್ಲಿ ಬೈಕು ನಿಲ್ಲಿಸಿ, ಬೆನ್ನು ಬಗ್ಗಿಸಿ, ಗೋಡೆಗೆ ಒತ್ತಿಕೊಂಡು ಓಡುತ್ತ, ಎಮ್ಮೆಯನ್ನು ಜಿಗಿದು ದಾಟಿ ಮಾರೆಮ್ಮನ ಕಟ್ಟೆಯ ಮರೆಗೆ ಬಂದು ಕುಕ್ಕರಿಸಿದ.

“ಯಾಕಪ್ಪಾ, ನಾಯಿ ಬೆನ್ನು ಹತ್ತ್ಯಾದೇನು?”

“ಮಾಫ್ ಮಾಡ್ರಿ ಅಮ್ಮಾ, ರೂಢಿ ಆಗಿಬಿಟ್ಟದ. ಆ ಬಚ್ಚಲ ಹತ್ರ ನಾ ಬಾಳ ಸಲ ಸತ್ತೀನ್ರಿ.”

ಮಾರೆಮ್ಮನಿಗೆ ಕರುಳು ಚುರ್ ಎಂದಿತು. ಬೈಯಲೆಂದು ಕೂಡಿಸಿಟ್ಟ ಮಾತುಗಳನ್ನೆಲ್ಲ ನುಂಗಿ, ಮೊದಲು ಚಹಾ ಕೊಟ್ಟಳು. ಎದುರು ಕಟ್ಟೆಯ ಮೇಲೆ ಬೂದೆಪ್ಪ ತಂಬಿಗೆ ತೊಡೆಯ ಮೇಲಿಟ್ಟುಕೊಂಡು, ಕಿವಿ ಇತ್ತ ಇಟ್ಟು ಕುಳಿತಿದ್ದ.

“ನಾ ರಿವಾಜ್ ಮುರದಿಲ್ರಿ ಅಮ್ಮಾ,” ಎಂದ ಜಿಲಾನಿ. “ವಾರ ಮೊದಲ ಗುಂಪಿನ್ಯಾಗ ಹಾಕಿದ್ದೆ. ಎಮ್ಮಿ ಜಾಗಾ ಬದಲ್ ಮಾಡಾಕತ್ತೀನಿ, ತಕರಾರು ಇದ್ದೋರು ಹೇಳ್ರಿ ಅಂತ. ಯಾರೂ ತಗೀಲಿಲ್ಲ. ಮ್ಯಾಪು ಮೊದಲ ಮಾಡಿದವ ಅಂತ ಅಮೋಘಣ್ಣನ ಹೆಸರೂ ಮ್ಯಾಲ ಹಾಕೀನಿ.”

“ನಂದು ರಿಚಾರ್ಜ್ ಮುಗದಿತ್ತೋ!” ಎಂದು ಅಮೋಘಸಿದ್ದ ಹಲುಬಿದ.

“ಗುಂಪಿನ್ಯಾಗ ನಾ ಇಲ್ಲಪ್ಪಾ, ನನ್ನ ಎಮ್ಮೀನೂ ಇಲ್ಲ,” ಎಂದಳು ಮಾರೆಮ್ಮ. “ಕೇಳಲಾರ್ದ ಮಂದಿ ಬದುಕಿಗಿ ಕೈ ಹಚ್ಚಬಾರದು. ಸುಮ್ಮನ ಬಿಚ್ಚಿ ತಂದು ನನ್ನ ಬಾಗಲಾಗ ಕಟ್ಟು.”

ಜಿಲಾನಿ ತಕರಾರು ಮಾಡಲಿಲ್ಲ. ಮೂವರೂ ತಲೆಗೆ ತಲೆ ಹಚ್ಚಿ ಮೊಬೈಲಿನ ಮೇಲೆ ಬಾಗಿದರು. ಅವನು ಬೆರಳ ತುದಿಯಲ್ಲಿ ಎಮ್ಮೆಯನ್ನು ಎತ್ತಿದಾಗ ಮಾರೆಮ್ಮನ ಜೀವ ಬಾಯಿಗೆ ಬಂತು. “ಹಗೂರಕ ಎತ್ತಪಾ, ಹಾಲು ಕೊಡೋ ಎಮ್ಮಿ!” ಎಮ್ಮೆ ಗಾಳಿಯಲ್ಲಿ ತೇಲಿಕೊಂಡು ಗೋಡೆ ದಾಟಿ, ಬಚ್ಚಲು ದಾಟಿ, ಓಣಿಗೆ ಬಂದು ಅಡ್ಡಬಿತ್ತು. ಮಾರೆಮ್ಮ ನಿನ್ನೆಯಿಂದ ಹಿಡಿದಿದ್ದ ಉಸಿರು ಬಿಟ್ಟಳು. ಆಮೇಲೆ ಗತ್ತಿನಿಂದ ಬೇವಿನ ಮರದ ಕಡೆ ತಿರುಗಿದಳು.

“ಹೇಳಪಾ ಅವಗ, ತಂಬಗಿ ಒಳಗ ಇಡು ಅಂತ.”

ಮರ ಹೇಳಿತೋ ಇಲ್ಲವೋ, ಎದುರು ಕಟ್ಟೆ ಖಾಲಿಯಿತ್ತು. ಓಣಿಯೂ ಖಾಲಿಯಿತ್ತು. ಹೊತ್ತು ಇಳಿದು ಬೇವಿನ ನೆರಳು ಆಚೆ ಸರಿದಿತ್ತು. ನೆರಳಿನ ಬೆನ್ನು ಹತ್ತಿ ಎಮ್ಮೆಯೂ ಎದ್ದು ಹೋಗಿ ಬೂದೆಪ್ಪನ ಅಂಗಳದಲ್ಲಿ ನಿಂತುಬಿಟ್ಟಿತ್ತು.

“ಅಮ್ಮಾ, ಅಲ್ಲೇ ನೋಡ್ರಿ! ನಾ ಕಟ್ಟಿದ ಜಾಗಾದಾಗೇ!” ಎಂದು ಜಿಲಾನಿ ಕುಣಿದ. ಅವನಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಮಾರೆಮ್ಮ ಹಗ್ಗ ಹಿಡಿದು ದಡದಡ ಹೋದಳು. ಬೂದೆಪ್ಪನ ಅಂಗಳದ ಅಂಚಿನಲ್ಲಿ ಎತ್ತಿದ ಕಾಲು ಹಾಗೇ ನಿಂತಿತು. ಕೇಳದೆ ಕೈ ಹಚ್ಚಬಾರದು ಎಂದು ಈಗ ತಾನೇ ಓಣಿ ಕೇಳುವಂತೆ ಹೇಳಿದವಳು ಅವಳೇ ಅಲ್ಲವೇ? ಬೇವಿನ ಮರವೂ ಬೆನ್ನ ಹಿಂದೆ ಉಳಿದಿತ್ತು. ಮಾತಾಡುವುದಾದರೆ ಮನುಷ್ಯನ ಜೊತೆಗೇ ಮಾತಾಡಬೇಕು.

“ಬೂದಣ್ಣಾ, ಎಮ್ಮಿ ಬಂದದ. ಒಳಗ ಬರ್ಲೇನು?”

ಎಮ್ಮೆಯ ಮಗ್ಗುಲಲ್ಲಿ ತಂಬಿಗೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಕೂತಿದ್ದ ಬೂದೆಪ್ಪ ತಲೆ ಎತ್ತಲಿಲ್ಲ.

“ಗುಂಪಿನ್ಯಾಗ ಹಾಕವ್ವಾ ಮಾರೆಮ್ಮ. ವಾರದಾಗ ಯಾರೂ ತಕರಾರು ತಗೀಲಿಲ್ಲಂದ್ರ ಬಾ.”