ಅಡಕತ್ತರಿಯ ಸದ್ದು

ಚನ್ನವ್ವ ಹೊಸ ಗುಳಿಗೆಯನ್ನು ಅಡಕತ್ತರಿಯ ಬಾಯಿಗೆ ಇಟ್ಟಳು. ಅರ್ಧ ತುಂಡಿಗಾಗಿ ಮಂಚದಿಂದ ಗಂಡ ವಿರೂಪಾಕ್ಷನ ಅಂಗೈ ಎಂದಿನಂತೆ ಮುಂದೆ ಬಂತು. ಎಚ್‌ಐವಿ ಇಬ್ಬರಿಗೂ ಇತ್ತು. ರಾಮದುರ್ಗದ ಆಸ್ಪತ್ರೆಯಲ್ಲಿ ಹೆಸರಿದ್ದದ್ದು ಅವಳದೊಂದೇ. ತೊರಗಲ್ಲಿನ ದೊಡ್ಡ ಮನೆತನದವನು ಅಲ್ಲಿಯ ಗುಳಿಗೆ ಪಾಳಿಯಲ್ಲಿ ನಿಂತರೆ ಮಾನ ಹೋಗುತ್ತದಂತೆ. ಹೆಂಡತಿ ನಿಂತರೆ ಹೋಗುವುದಿಲ್ಲವಂತೆ.

“ಅದಕ್ಕೇನ ಪೂಜಾ ಮಾಡಾಕ ಹತ್ತಿಯೇನ? ಲಗೂ ಒತ್ತು,” ಎಂದ.

ಅವಳ ಕೈ ಒತ್ತಲಿಲ್ಲ. ಹಳೆಯ ಗುಳಿಗೆ ಯಾಕೆ ನಾಟುತ್ತಿಲ್ಲವೆಂದು ಡಾಕ್ಟರಮ್ಮ ಬೆಳಿಗ್ಗೆ ಬಿಡಿಸಿ ಹೇಳಿದ್ದಳು: “ಅರ್ಧ ಗುಳಿಗಿಗೆ ವೈರಸ್ ಪೂರ್ತಿ ಸಾಯಂಗಿಲ್ಲ ಯವ್ವಾ. ಔಷಧಕ್ಕ ಬಗ್ಗದಂಗ ಬದಲಾದದ್ದು ಉಳಕೊಂಡು ತನ್ನಂಥಾವನ್ನ ಹಡೀತೈತಿ. ಹೊಸಾದನ್ನೂ ಮುರದು ನುಂಗಿದ್ರ ಇದೂ ನಾಟಂಗಿಲ್ಲ.” ಈ ಮನೆಯಲ್ಲಿ ಬಂಜೆ ಎನ್ನಿಸಿಕೊಂಡವಳು ಅವಳು. ಅಡಕತ್ತರಿಯ ಹಳೆಯ ಒಂದೊಂದು ಟಕ್ ಸದ್ದಿಗೂ ತನ್ನ ರಕ್ತದೊಳಗೆ ಏನೋ ಹಡೆಯುತ್ತಿರುವುದು ಬೆಳಿಗ್ಗೆಯಿಂದ ಅವಳಿಗೆ ಕೇಳಿಸುತ್ತಲೇ ಇತ್ತು.

ಗುಳಿಗೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. “ನಿಮ್ಮ ಗುಳಿಗಿ ಆ ದವಾಖಾನಿ ಪಾಳ್ಯಾಗ ಐತ್ರಿ,” ಎಂದಳು. ಮಂಚದ ಮೇಲೆ ಅಂಗೈ ಚಾಚಿಕೊಂಡೇ ಇತ್ತು.