ಲಾಗಣ

ದುಂಡೇಶ ಬೈಕಿನಿಂದ ಇಳಿಯುವಾಗಲೇ ಮುಷ್ಟಿ ಬಿಗಿದಿತ್ತು. ಕಬ್ಬೂರಿನ ಹೊಲದ ದಾರಿ ಮುಗಿಯುವಲ್ಲಿ ಕಾಂಚನಳ ಮನೆ. ವಿಧವೆ, ಒಬ್ಬಳೇ ಇರುತ್ತಾಳೆ. ಮಟಮಟ ಮಧ್ಯಾಹ್ನ, ಕೂಗಿದರೂ ಕೇಳುವವರಿಲ್ಲ. ಇದನ್ನೆಲ್ಲ ದಾರಿಯಲ್ಲೇ ಯೋಚಿಸಿಕೊಂಡು ಬಂದಿದ್ದ. ಅವಳ ಬಾಯಿ ಬಿಡಿಸಬೇಕು, ಬಿಡದಿದ್ದರೆ ಹಲ್ಲು ಉದುರಿಸಬೇಕು.

ಪಾಪ, ಅವನ ಸಂಕಟವೂ ಸಣ್ಣದಲ್ಲ. ಅಥಣಿಯ ದ್ರಾಕ್ಷಿ ತೋಟದವರ ಮಗಳು ಶೀತಲಳ ಜೊತೆ ಮದುವೆ ನಿಶ್ಚಯವಾಗಿತ್ತು. ಅಷ್ಟರಲ್ಲಿ ಒಂದೇ ಒಂದು ಸಲ ನಿಪ್ಪಾಣಿಯ ಲಾಡ್ಜಿನಲ್ಲಿ ಕಾಂಚನಳ ಜೊತೆ ಮಲಗಿದ್ದ. ಕಾಂಡೋಮ್ ಇತ್ತು. ತಂದವಳು ಅವಳೇ. "ಇದಿಲ್ಲದ ಆಗೂದಿಲ್ರಿ" ಎಂದು ಹಟ ಹಿಡಿದವಳೂ ಅವಳೇ. ಎಷ್ಟು ಪಳಗಿದ್ದಾಳೆ ಎಂದು ಆಗ ಒಳಗೊಳಗೇ ನಕ್ಕಿದ್ದ. ಬಳೆ ಒಡೆದು ಅವಳ ಮಣಿಕಟ್ಟು ಕೊಯ್ದಾಗ ಕರವಸ್ತ್ರ ಒತ್ತಲು ಹೋದರೆ ಸರಕ್ಕನೆ ದೂರ ಸರಿದಿದ್ದಳು. ಹೆಂಗಸರ ಬಿಂಕ ಅಂದುಕೊಂಡ.

ಊರಿಗೆ ಬಂದ ಮೇಲೆ ಹೆದರಿಕೆ ಹತ್ತಿಕೊಂಡಿತು. ಬಾಯಲ್ಲಿ ಹುಣ್ಣಾದರೂ ಅದೇ ರೋಗ, ಮೈ ಬೆವರಿದರೂ ಅದೇ ರೋಗ. ಚಹಾದಂಗಡಿಯಲ್ಲಿ ಯಾರಾದರೂ ಗುಪ್ತರೋಗದ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತಿದ್ದ. ಚಿಕ್ಕೋಡಿಯ ಡಾಕ್ಟರು ಅರ್ಧ ಕನ್ನಡ, ಅರ್ಧ ಮರಾಠಿಯವರು. ರಕ್ತ ಪರೀಕ್ಷೆ ಮಾಡಿಸಿ ಬೆನ್ನು ತಟ್ಟಿದರು.

"ಕಾಂಡೋಮ್ ಹರದಿಲ್ಲ, ಜಾರಿಲ್ಲ. ಲಾಗಣ ಆಗಿಲ್ಲಪಾ, ಅರಾಮ ಇರು. ಬೇಕಾದ್ರ ಇನ್ನೊಮ್ಮಿ ನೋಡೂಣು."

ಲಾಗಣ ಎಂದರೆ ಮರಾಠಿಯಲ್ಲಿ ಸೋಂಕು. ಸಂಶಯಕ್ಕೆ ಯಾವ ಡಾಕ್ಟರ ಹತ್ತಿರವೂ ಮದ್ದಿಲ್ಲ ನೋಡಿ. 'ಆಗಿಲ್ಲ' ಎಂಬುದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು. ಲಾಗಣ ಮಾತ್ರ ಒಳಗೇ ಉಳಿಯಿತು.

ಈಗ ಕಾಂಚನ ಮನೆ ಮುಂದಿನ ಕಟ್ಟೆಯ ಮೇಲೆ ಕೂತು, ಕೊಲ್ಹಾಪುರದ ಅಣ್ಣನೊಡನೆ ಫೋನಿನಲ್ಲಿ ಮರಾಠಿಯಲ್ಲಿ ಮಾತಾಡುತ್ತಿದ್ದಳು. ಇವನು ಬಂದದ್ದನ್ನು ನೋಡಲಿಲ್ಲ.

"ಝಾಲೀ ದಾದಾ, ಲಾಗಣ ಝಾಲೀ" ಎಂದಳು ನಗುತ್ತ. ಆಯಿತು ಅಣ್ಣಾ, ಲಾಗಣ ಆಯಿತು.

ದುಂಡೇಶನಿಗೆ ಕಣ್ಣು ಕತ್ತಲೆ ಬಂತು. ಜಡೆ ಹಿಡಿದು ಕಟ್ಟೆಯಿಂದ ಕೆಳಗೆ ಎಳೆದ.

"ನನಗ ರೋಗ ಹಚ್ಚಿ ನಗತಿ ಬೇ?"

"ಏನಾತ್ರಿ? ಬಿಡ್ರಿ!"

ಮೊದಲ ಗುದ್ದಿಗೆ ತುಟಿ ಸೀಳಿತು. ಎರಡನೆಯದಕ್ಕೆ ಅವಳ ಹಲ್ಲು ಅವನ ಬೆರಳ ಗೆಣ್ಣಿಗೆ ಕಚ್ಚಿಕೊಂಡಿತು. ಚರ್ಮ ಹರಿದದ್ದು ಅವನಿಗೆ ತಿಳಿಯಲೇ ಇಲ್ಲ. ಅದೇ ಕೈಯಿಂದ ಮತ್ತೆ ಗುದ್ದಿದ, ಮತ್ತೆ ಗುದ್ದಿದ. ಅವಳು ನೆಲಕ್ಕೆ ಬಿದ್ದಳು. ಪಕ್ಕೆಗೆ ಒದ್ದ. ಇನ್ನೊಮ್ಮೆ ಒದೆಯಲು ಕಾಲೆತ್ತಿದ.

ಮಣ್ಣಿಗೆ ಬಿದ್ದಿದ್ದ ಫೋನು ಇನ್ನೂ ಮಾತಾಡುತ್ತಿತ್ತು. "ಕಿತೀ ಗುಂಠೇ ಝಾಲೀ ಗ? ಹ್ಯಾಲೋ? ಕಾಂಚನ?"

ಎಷ್ಟು ಗುಂಟೆ ಆಯಿತು?

ಎತ್ತಿದ ಕಾಲು ಅಲ್ಲೇ ನಿಂತಿತು. ಮನೆಯ ಹಿಂದೆ ಹೊಸದಾಗಿ ಬಿಟ್ಟ ಸಾಲುಗಳು, ಹಸಿ ಮಣ್ಣಿನಲ್ಲಿ ಕಬ್ಬಿನ ಬೀಜದ ತುಂಡುಗಳು. ಕಬ್ಬು ನೆಡುವುದಕ್ಕೂ ಈ ಕಡೆ ಲಾಗಣ ಎಂದೇ ಅನ್ನುತ್ತಾರೆ. ಅಲಖನೂರಿನ ಕಬ್ಬಿನ ಮನೆತನದಲ್ಲಿ ಹುಟ್ಟಿದ ದುಂಡೇಶನೂ ವರ್ಷವರ್ಷ ಆ ಮಾತು ಆಡಿದವನೇ.

ಹೊಡೆದ ನಾಚಿಕೆಗಿಂತ ಮೊದಲು ಸಂತೋಷ ಉಕ್ಕಿತು. ರೋಗವಿಲ್ಲ! ಮದುವೆ ನಿಲ್ಲುವುದಿಲ್ಲ! ನಿರ್ಲಜ್ಜನಾಗಿ ಗಹಗಹಿಸಿ ನಕ್ಕ.

"ತಪ್ಪಾತ ಕಾಂಚನಾ, ನಾ ಬ್ಯಾರೆನ ತಿಳಕೊಂಡೆ" ಎಂದು ಅವಳ ಬಾಯಿ ಒರೆಸಲು ಕೈ ಚಾಚಿದ. ಗೆಣ್ಣು ಬಾಯಿ ತೆರೆದು ರಕ್ತ ಸುರಿಯುತ್ತಿತ್ತು. ಅದರಲ್ಲಿ ಅವನದೆಷ್ಟು, ಅವಳದೆಷ್ಟು ಎಂದು ಹೇಳುವಂತಿರಲಿಲ್ಲ.

ಕಾಂಚನ ಆ ಗಾಯ ನೋಡಿದಳು. ಏಟಿಗೆ ಚೀರದವಳು ಈಗ ಚೀರಿದಳು.

"ಮುಟ್ಟಬ್ಯಾಡ! ನಳಕ್ಕ ಹೋಗು, ಸಾಬೂನ ಹಚ್ಚಿ ತೊಳಕೊ! ಸೀದಾ ದವಾಖಾನಿಗೆ ಓಡು, ಇವತ್ತ ಗುಳಿಗಿ ಸುರು ಮಾಡ್ತಾರ!"

"ಯಾಕ?"

ಅವಳು ಬಾಯಿಯ ರಕ್ತ ಉಗುಳಿದಳು. "ನನಗ ಎಚ್‌ಐವಿ ಐತಿ. ಅವತ್ತ ನಿನಗ ತಾಗದಂಗ ಕಾದೆ, ಇವತ್ತ ನೀನ ಗುದ್ದಿ ತಗೊಂಡಿ."