ಶಿವನಂಜಮ್ಮನ ಸೀಸೆ

ಔಷಧಿಯ ಸೀಸೆ ಮನೆಗೆ ಬಂದ ಸಂಜೆಯೇ, ಅದನ್ನು ಮೊದಲು ಯಾರು ಕುಡಿಯಬೇಕು ಎಂಬ ಮಾತೆದ್ದಿತು. ಕಾಯಿಲೆ ಶಿವನಂಜಮ್ಮನದು, ಅದರಲ್ಲಿ ಯಾರ ತಕರಾರೂ ಇರಲಿಲ್ಲ. ಹೆತ್ತ ಕೂಸು ದಕ್ಕದೆ ಹೋದಂದಿನಿಂದ ಅವಳು ಮಾತು ಬಿಟ್ಟಿದ್ದಳು, ನಿದ್ದೆ ಬಿಟ್ಟಿದ್ದಳು, ಊಟವೂ ಅಷ್ಟಕ್ಕಷ್ಟೇ. ಮೊನ್ನೆ ನೀರಿಗೆ ಹೋದವಳು ಕೊಡವನ್ನು ಪಕ್ಕಕ್ಕಿಟ್ಟು ಬಾವಿಯೊಳಗೆ ಬಗ್ಗಿ ನೋಡುತ್ತ ಕೂತಿದ್ದನ್ನು ಗಂಡ ಚೌಡಯ್ಯ ಕಣ್ಣಾರೆ ಕಂಡಿದ್ದ. ಹಿಂದೆ ಮುಂದೆ ನೋಡದೆ ಗಾಡಿ ಕಟ್ಟಿ, ಪೂರಿಗಾಲಿಯಿಂದ ಮಳವಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದಿದ್ದ. ಎಲ್ಲ ಸರಿ. ಆದರೆ ಆ ಮನೆಯಲ್ಲಿ ಗಂಡಸರು ಬಾಯಿಗೆ ಹಾಕಿಕೊಳ್ಳುವ ಮೊದಲು ಹೆಂಗಸು ಏನನ್ನೂ ಮುಟ್ಟಿದವಳಲ್ಲ.

"ಉಣ್ಣೋ ಇಟ್ಟಿಗೊಂದು ಕ್ರಮ, ಔಸ್ದಿಗೊಂದು ಕ್ರಮವಾ?" ಎಂದಳು ಚೌಡಯ್ಯನ ತಾಯಿ ಪಟ್ಟಲಮ್ಮ. "ಮೊದ್ಲು ನೀನು ಬಾಯಿಗಾಕ್ಕೊ ಕಣ್ಲಾ. ಗಂಡನಿಗಿಂತ ಮುಂಚೆ ಎಡ್ತಿ ಕುಡುದ್ರೆ ಮನೆ ಏಳ್ಗೆ ಆಯ್ತದಾ?"

ಡಾಕ್ಟರು ಹೇಳಿದ್ದು ಚೌಡಯ್ಯನಿಗೆ ಮರೆತಿರಲಿಲ್ಲ. ಸೀಸೆಯ ಮೈಗೆ ಅಂಟಿಸಿದ್ದ ಕಾಗದದ ಪಟ್ಟಿಯ ಕಚ್ಚುಗಳನ್ನು ಬೆರಳಿಟ್ಟು ತೋರಿಸಿ, "ಉಂಡಮೇಲೆ ಒಂದೊಂದು ಗೆರೆ, ಬೆಳಗ್ಗೆ, ಸಾಯಂಕಾಲ. ಜಾಸ್ತಿ ಕೊಡಬೇಡ, ನೀನಾಗಿ ನಿಲ್ಲಿಸಲೂಬೇಡ. ಅವಳ ಔಷಧಿ ಅವಳಿಗೊಬ್ಬಳಿಗೇ. ಮುಂದಿನ ಸಂತೆ ದಿನ ಕರಕೊಂಡು ಬಾ" ಎಂದಿದ್ದರು. ಓದಿದವರು, ಔಷಧಿಯ ವಿಚಾರ ತಿಳಿದವರು. ಮನೆತನದ ವಿಚಾರ ಅವರಿಗೇನು ಗೊತ್ತು? ಅವ್ವನ ಸಮಾಧಾನಕ್ಕೆ ಒಂದು ತೊಟ್ಟು ನಾಲಿಗೆಗೆ ಬಿಟ್ಟುಕೊಂಡ. ಸಿಹಿಯಾಗಿತ್ತು. ಕಬ್ಬು ಅರೆಯುವ ಮಂಡ್ಯದ ಕಾರ್ಖಾನೆ ಅದೇ ಸೀಮೆಯಲ್ಲಿದ್ದರೂ, ಯುದ್ಧದ ಆ ಕಾಲದಲ್ಲಿ ಸಕ್ಕರೆಯ ಮುಖ ನೋಡುವುದೇ ಅಪರೂಪ. ತೊಟ್ಟು ಹೋಗಿ ಗೆರೆಯಾಯಿತು.

"ಎಂಗದ್ಲಾ?"

"ಸೀಯಾಗದೆ ಕಣವ್ವ."

ಪಟ್ಟಲಮ್ಮನಿಗೆ ತಟ್ಟನೆ ತನ್ನ ಮಂಡಿನೋವು ನೆನಪಾಯಿತು. ಅಂದಿನಿಂದ ಅದೇ ಪದ್ಧತಿ ನಿಂತಿತು. ಚೌಡಯ್ಯನಿಗೆ ಒಂದು ಗೆರೆ, ಅವ್ವನಿಗೆ ಒಂದು ಗೆರೆ, ಆಮೇಲೆ ಅದೇ ಲೋಟಕ್ಕೆ ನೀರು ಹಾಕಿ ಕುಲುಕಿದ್ದು ಶಿವನಂಜಮ್ಮನಿಗೆ.

ಔಷಧಿ ತನ್ನ ಕೆಲಸ ತಾನು ಮಾಡಿತು. ಕಾಯಿಲೆ ಯಾರದೆಂದು ಪಾಪ ಅದಕ್ಕೇನು ಗೊತ್ತು? ಚೌಡಯ್ಯ ನೇಗಿಲ ಮೇಲೆಯೇ ತೂಕಡಿಸಿ, ಎತ್ತುಗಳು ಪಕ್ಕದ ಮರಿಯಯ್ಯನ ಹೊಲಕ್ಕೆ ನುಗ್ಗಿ ರಾಗಿಪೈರು ಮೇಯ್ದವು. ಬೈದರೆ ಊರಾಚೆಗೆ ಕೇಳಿಸುತ್ತಿದ್ದ ಪಟ್ಟಲಮ್ಮ ಜಗುಲಿಯ ಮೇಲೆ ಗೋಡೆಗೊರಗಿ ಮುಗುಳ್ನಗುತ್ತ ಕೂರತೊಡಗಿದಳು. ಯಾವ ದೇವರಿಗೆ ಹರಕೆ ಹೊತ್ತಿರಿ ಎಂದು ಅಕ್ಕಪಕ್ಕದ ಸೊಸೆಯರು ಗುಟ್ಟಾಗಿ ಬಂದು ಕೇಳಿಕೊಂಡು ಹೋದರು. ಶಿವನಂಜಮ್ಮ ಮಾತ್ರ ಒಲೆಯ ಮುಂದೆ ಮೊದಲಿನ ಹಾಗೆಯೇ ಕೂತಿದ್ದಳು.

ಸಂತೆಯ ದಿನ ಬರುವ ಮೊದಲೇ ಸೀಸೆ ಬರಿದಾಯಿತು. ಚೌಡಯ್ಯ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಒಬ್ಬನೇ ಮಳವಳ್ಳಿಗೆ ಹೋದ. ಡಾಕ್ಟರು ಜೋತುಬಿದ್ದ ಅವನ ಕಣ್ಣನ್ನೇ ನೋಡಿದರು.

"ಹೇಗಿದೆಯಯ್ಯ ಈಗ?"

"ಗುಣ ಕಾಣ್ತಾ ಅದೆ ಸ್ವಾಮಿ. ನಮ್ಮವ್ವ ಬೈಯೋದೇ ಬುಟ್ಬುಟ್ಟವ್ಳೆ. ನಂಗೂ ಒಳ್ಳೆ ನಿದ್ದೆ."

"ನಾನು ಕೇಳಿದ್ದು ನಿನ್ನ ಹೆಂಡತಿ ವಿಚಾರ."

ಚೌಡಯ್ಯನ ಆಕಳಿಕೆ ಅರ್ಧಕ್ಕೇ ನಿಂತಿತು. "ಅವ್ಳು ಅಂಗೇ ಅವ್ಳೆ ಸ್ವಾಮಿ. ನೆನ್ನೆ ತಿರ್ಗ ಬಾವಿ ತಾವ್ಕೆ ಓಗಿದ್ಲು" ಎಂದ. ಹಾಗೆಂದಾಗಲೇ ತಾನು ಹೇಳಿದ್ದೇನೆಂದು ಅವನ ಕಿವಿಗೇ ಬಿತ್ತು. ಹೆಂಡತಿ ಎಂದರೆ ಅವನಿಗೆ ಜೀವ. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ.

ನಡೆದದ್ದನ್ನೆಲ್ಲ ಬಾಯಿ ಬಿಡಿಸಿ ಕೇಳಿದ ಮೇಲೆ ಡಾಕ್ಟರು ತಲೆ ಚಚ್ಚಿಕೊಂಡರು. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಿಮ್ಮನೇಲಿ ಎಮ್ಮೆಗಳು ತಾವೇ ಬಂದು ಔಷಧಿ ಕುಡಿದು ಹೋಗಿವೆ. ನಿದ್ದೆಗಣ್ಣಲ್ಲಿ ನೇಗಿಲ ಗುಳದ ಮೇಲೆ ಬಿದ್ದಿದ್ದರೆ ನಿನ್ನ ಕಾಲು ಹೋಗ್ತಿತ್ತು. ಅವಳಿಗೆ ಔಷಧಿ ಸೇರದೆ ಇದ್ದರೆ ಜೀವವೇ ಹೋಗುತ್ತೆ." ಎದ್ದು ಒಳಗೆ ಹೋಗಿ ಹೊಸ ಸೀಸೆ ತಂದು ಮುಂದಿಟ್ಟರು. "ಔಷಧಿ ಅದೇ. ಹೆಣ್ಣುಮಗಳು ಕುಡೀಲಿ ಅಂತ ಹೋದಸಲ ಷರಬತ್ತು ಬೆರೆಸಿದ್ದೆ, ಈ ಸಲ ಬೇರೆ ಏನೋ ಬೆರೆಸಿದ್ದೀನಿ. ನಿಮ್ಮ ಮನೆ ಪದ್ಧತಿ ಯಾಕೆ ಕೆಡಬೇಕು, ತೊಟ್ಟು ನಾಲಿಗೆಗೆ ಮುಟ್ಟಿಸಿ ನೋಡಿ."

ಆ ಸಂಜೆ ಪದ್ಧತಿ ಕೆಡಲಿಲ್ಲ. ಚೌಡಯ್ಯ ಒಂದು ತೊಟ್ಟು ಬಾಯಿಗೆ ಬಿಟ್ಟುಕೊಂಡವನೇ ಅಂಗಳಕ್ಕೆ ಓಡಿ ಉಗಿದು, ಎರಡು ಚೊಂಬು ನೀರು ಮುಕ್ಕಳಿಸಿದ. ಪಟ್ಟಲಮ್ಮ ಬೆರಳು ಅದ್ದಿ ನಾಲಿಗೆಗೆ ತಾಕಿಸಿದಳು. ಕಹಿಗೆ ಮುಖ ಸೊಟ್ಟಗಾಯಿತು.

"ಥೂ, ಇದು ಕಾಯ್ಲೆಯವ್ರ ಔಸ್ದಿ ಕಣ್ಲಾ. ನಮಗ್ಯಾಕೆ, ಅವ್ಳಿಗೇ ಕೊಡು."

ಚೌಡಯ್ಯ ಸೀಸೆಯನ್ನು ದೀಪಕ್ಕೆ ಹಿಡಿದು, ಗೆರೆ ನೋಡಿ, ಒಂದು ತೊಟ್ಟೂ ಚೆಲ್ಲದ ಹಾಗೆ ಲೋಟಕ್ಕೆ ಬಗ್ಗಿಸಿ ಹೆಂಡತಿಯ ಕೈಗಿಟ್ಟ. ಶಿವನಂಜಮ್ಮ ಅವಸರ ಮಾಡಲಿಲ್ಲ. ಮುಖ ಕಿವುಚಲಿಲ್ಲ. ಗುಟುಕು ಗುಟುಕಾಗಿ ಕೊನೆಯ ಹನಿಯವರೆಗೂ ಕುಡಿದಳು. ಪಟ್ಟಲಮ್ಮ ಬಿಟ್ಟ ಕಣ್ಣು ಬಿಟ್ಟ ಹಾಗೆಯೇ ನೋಡುತ್ತಿದ್ದಳು.

"ಕಯ್ಯಿ ಅನ್ನಿಸ್ನಿಲ್ವೇನಮ್ಮಿ?"

ಶಿವನಂಜಮ್ಮ ಲೋಟವನ್ನು ಬೋರಲಿಟ್ಟಳು. ಕೂಸು ಹೋದ ಮೇಲೆ ಅವಳ ಬಾಯಿಂದ ಹೊರಟ ಮೊದಲ ಮಾತು ಅದು.

"ಕಯ್ಯಿಯೇ ಅದೆ ಅತ್ತೆ. ಆದ್ರೆ ಪೂರಾ ನಂದೇ."